ಬಲಕ್ಕೆ ವಾಲಿದ ಮುಳ್ಳು

ಮೊದಲಿಗೆ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ. ಎಷ್ಟು ನಿಧಾನವಾಗಿ ಬರೆದರೂ ಸಾಲು ಕೊನೆ ಮುಟ್ಟುವಷ್ಟರಲ್ಲಿ ಇಳಿಜಾರು ಹಿಡಿದಿರುತ್ತದೆ. ಮಾತೂ ಅಷ್ಟೇ, ಬೇಕಾದಾಗ ಕೈಗೆ ಸಿಗುವುದಿಲ್ಲ. ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು ನಾನು. ನಮ್ಮ ಗ್ರಾನ್‌ಮೂ ಮೋಟಾರು ಕ್ಲಬ್ಬಿಗೆ ಐವತ್ತು ತುಂಬಿತೆಂದು ಪುಸ್ತಕ ತರುತ್ತಿದ್ದಾರೆ. ಹಳೆಯ ಚಾಲಕರ ಬಗ್ಗೆ ಒಬ್ಬೊಬ್ಬರು ಒಂದೊಂದು ಬರಹ ಕೊಡಿ ಎಂದು ಅಧ್ಯಕ್ಷ ರುನೆ ಕೇಳಿದನಂತೆ. ಮೈಕೆನ್ ಹೆಸರು ಬಂದಾಗ ಎಲ್ಲರೂ ತಮ್ಮ ತಮ್ಮ ಕಾಫಿ ಲೋಟದೊಳಗೆ ಇಣುಕಿ ನೋಡತೊಡಗಿದರಂತೆ. ನಾನು ಅವಳ ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೇನೆ. ಹಾಗಾಗಿ ಈ ಕೆಲಸ ನನ್ನ ಪಾಲಿಗೆ ಬಂತು. ಅವಳೇ ಹೇಳಿದ್ದು, ನೆಲದ ಹಲಗೆಯ ಸಂದಿಯಲ್ಲಿ ಕೇಳಿಸಿದ್ದು, ಬೇರೆಯವರು ಹೇಳಿದ ಮೇಲೆ ಅವಳನ್ನೇ ಮತ್ತೆ ಕೇಳಿ ಸರಿಮಾಡಿಕೊಂಡದ್ದು, ಇಷ್ಟನ್ನೇ ಬರೆದಿದ್ದೇನೆ. ನಮ್ಮಲ್ಲಿ ದೊಡ್ಡವರನ್ನೂ ಹೆಸರು ಹಿಡಿದೇ ಕರೆಯುವುದು. ಏಕವಚನ ಕಂಡರೆ ಅಗೌರವ ಎಂದು ತಿಳಿಯಬೇಡಿ.

ಮೈಕೆನ್ ಹೆದ್‌ಮಾರ್ಕ್ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಅಂಗಡಿಯಲ್ಲಿ ಮೊಟ್ಟೆಯ ಪೆಟ್ಟಿಗೆ ತೆರೆದು ಒಂದೊಂದನ್ನೂ ತಿರುಗಿಸಿ ನೋಡುತ್ತಾಳೆ. ರೇಡಿಯೊದಲ್ಲಿ ಹವಾಮಾನ ಕೇಳಿದ ಮೇಲೂ ಕಿಟಕಿ ತೆಗೆದು ಕೈ ಹೊರಗೆ ಚಾಚುತ್ತಾಳೆ. ಅದಕ್ಕೆ ಅವಳ ಕೆಲಸವೂ ಒಂದು ಕಾರಣ ಇರಬಹುದು. ನಿವೃತ್ತಿಯಾಗುವವರೆಗೆ ಅವಳು ಹಾಲಿನ ಲಾರಿ ಓಡಿಸಿದವಳು. ದನದ ಹಟ್ಟಿಗಳಿಗೆ ಹೋಗಿ ಹಾಲು ತುಂಬಿಸಿಕೊಳ್ಳುವ ಮೊದಲು ಪ್ರತಿ ತೊಟ್ಟಿಯ ಮುಚ್ಚಳ ಎತ್ತಿ ಮೂಸಿ ನೋಡಲೇಬೇಕು. ಒಂದು ತೊಟ್ಟಿ ಕೆಟ್ಟಿದ್ದರೆ ಇಡೀ ಲಾರಿಯ ಹಾಲು ಚರಂಡಿ ಪಾಲು. ಮೂಸುವಾಗ ರೈತ ಪಕ್ಕದಲ್ಲಿ ನಿಂತು ಎಷ್ಟು ನಗುಮುಖ ಮಾಡಿದರೂ ಅವನ ಮುಖ ನೋಡಬಾರದು, ಹಾಲನ್ನೇ ನೋಡಬೇಕು ಎಂದು ಅವಳಿಗೆ ಕೆಲಸ ಕಲಿಸಿದವರು ಹೇಳಿದ್ದರಂತೆ. ಈಗಲೂ ಯಾರಾದರೂ ನಕ್ಕರೆ ಅವಳು ಮೊದಲು ಮೂಗು ಅರಳಿಸುತ್ತಾಳೆ.

ಇನ್ನೊಂದು ಕಾರಣ ಫೋಕ್‌ರೇಸ್. ಹಳೆಯ ಕಾರುಗಳನ್ನು ಜಲ್ಲಿಮಣ್ಣಿನ ಸುತ್ತಿನಲ್ಲಿ ಓಡಿಸುವ ನಮ್ಮ ರೇಸಿಗೆ ಒಂದು ನಿಯಮವಿದೆ. ದಿನದ ಕೊನೆಗೆ ಯಾರ ಕಾರನ್ನು ಯಾರು ಬೇಕಾದರೂ ಕೇಳಬಹುದು. ಬೆಲೆ ಎಲ್ಲಕ್ಕೂ ಒಂದೇ, ಮೊದಲೇ ಗೊತ್ತುಮಾಡಿದ್ದು. ಕೇಳಿದವರು ಹಲವರಾದರೆ ಚೀಟಿ ಎತ್ತುವುದು. ಕೊಡುವುದಿಲ್ಲ ಎಂದವರ ರೇಸಿನ ಲೈಸೆನ್ಸು ಹೋಗುತ್ತದೆ. ಹಾಗಾಗಿ ಯಾರೂ ಕಾರಿಗೆ ಚಿನ್ನ ಸುರಿಯುವುದಿಲ್ಲ. ಸುರಿದರೆ ಇನ್ನೊಬ್ಬರ ಮನೆ ಸೇರುತ್ತದೆ. ರೇಸು ಮುಗಿದ ಬಾವುಟ ಬಿದ್ದಾಗ ಕಾರು ಹೇಗಿತ್ತೋ ಹಾಗೇ ಕೈ ಬದಲಾಗಬೇಕು. ಮಧ್ಯೆ ಏನಾದರೂ ಬಿಚ್ಚಿದರೆ, ಬದಲಿಸಿದರೆ, ಅದಕ್ಕೂ ಲೈಸೆನ್ಸು ಹೋಗುತ್ತದೆ. ಇದು ಬರೆದ ನಿಯಮ. ಬರೆಯದ ಮರ್ಯಾದೆ ಒಂದಿದೆ. ಕಾರು ಕಳೆದುಕೊಂಡವರು ಹೊಸಬರ ಮೊದಲ ರೇಸು ಮುಗಿಯುವ ತನಕ ಆ ಕಾರಿನ ಬಗ್ಗೆ ಬಾಯಿ ಬಿಡಬಾರದು. ಬಿಟ್ಟರೆ ಹೊಟ್ಟೆಕಿಚ್ಚು ಎನ್ನುತ್ತಾರೆ.

ಮೈಕೆನ್ ಚೀಟಿಯಲ್ಲಿ ಗೆದ್ದ ಮೊದಲ ಕಾರು ಅವಳ ಚಿಕ್ಕಪ್ಪನ ಮಗನದು. ಗೇರ್‌ಬಾಕ್ಸಿನ ಸದ್ದು ಅಡಗಿಸಲು ಅವನು ಅದರೊಳಗೆ ಮರದ ಹೊಟ್ಟು ತುಂಬಿದ್ದ. ಮೊದಲ ತಿರುವಿನಲ್ಲೇ ಗೇರು ಕಚ್ಚಿಕೊಂಡು ಕಾರು ನಿಂತಿತು. ಕ್ರಿಸ್ಮಸ್ ಊಟದ ಮೇಜಿನಲ್ಲಿ ಅವನು ಅದನ್ನು ಹೇಳಿಕೊಂಡು ಈಗಲೂ ನಗುತ್ತಾನೆ. ಮೈಕೆನ್ ಹ್ಯಾಮ್ ಕತ್ತರಿಸುತ್ತಾ ಈಗಲೂ ನಗುವುದಿಲ್ಲ.

ಕಳೆದ ಶರತ್ಕಾಲದ ಕೊನೆಯ ರೇಸಿನಲ್ಲಿ ಅವಳಿಗೆ ಹಿಲ್ಡಿಂಗನ ವೋಲ್ವೊ ಬಂತು. ಹಿಲ್ಡಿಂಗ್ ಎಪ್ಪತ್ತು ದಾಟಿದವನು, ಕಾಡಿನಲ್ಲಿ ಮರ ಕಡಿಯುವ ಯಂತ್ರ ಓಡಿಸಿಕೊಂಡಿದ್ದವನು, ಮಾತು ಕಡಿಮೆ. ಮೈಕೆನ್ ರೇಸಿಗೆ ಇಳಿದ ವರ್ಷವೇ ಅವನೂ ಇಳಿದದ್ದು. ಅವನ ನೀಲಿ ಕಾರು ಕಳೆದ ವರ್ಷವೆಲ್ಲ ಯಾರಿಗೂ ಸಿಗದೆ ಓಡಿತ್ತು. ಅದರ ಗುಟ್ಟು ಡ್ಯಾಶ್‌ಬೋರ್ಡಿನ ಮೇಲಿನ ಒಂದು ದುಂಡು ಮೀಟರು ಎಂದು ಎಲ್ಲರೂ ಹೇಳುತ್ತಿದ್ದರು. ಸೈಲೆನ್ಸರ್ ಪೈಪಿನಲ್ಲಿ ಕೂರಿಸಿದ ಆಕ್ಸಿಜನ್ ಸೆನ್ಸರು ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ನೋಡುತ್ತದೆ. ಸೀಟಿನ ಕೆಳಗಿನ ಒಂದು ಚಿಕ್ಕ ಪೆಟ್ಟಿಗೆ ಅದನ್ನು ಲೆಕ್ಕ ಹಾಕಿ ಮೀಟರಿಗೆ ಕಳಿಸುತ್ತದೆ. ಮುಳ್ಳು ಎಡಕ್ಕೆ ಹೋದರೆ ಎಂಜಿನ್ನಿಗೆ ಪೆಟ್ರೋಲು ಜಾಸ್ತಿ, ಬಲಕ್ಕೆ ಹೋದರೆ ಗಾಳಿ ಜಾಸ್ತಿ, ನಡುವಿನ ಹಸಿರು ಪಟ್ಟಿಯಲ್ಲಿದ್ದರೆ ಸರಿ.

ಟ್ರ್ಯಾಕಿನ ಬಳಿ ವಾಫಲ್ ಮಾರುವ ಗುಡಿಸಲಿನ ಹಳೆಯ ಕಾಫಿ ಕೆಟಲಿನಿಂದ ರುನೆ ಚೀಟಿ ಎತ್ತಿ ಮೈಕೆನ್ ಹೆಸರು ಓದಿದಾಗ ಹಿಲ್ಡಿಂಗ್ ತಲೆಯಾಡಿಸಿದ. ಕಾರಿನ ಹತ್ತಿರ ಹೋಗಿ ತನ್ನ ಬೆನ್ನಿಗಿಡುವ ದಿಂಬು ತೆಗೆದುಕೊಂಡ. ಆಮೇಲೆ ಬಗ್ಗಿ ಮೀಟರಿನ ಗಾಜನ್ನು ತೋಳಿನಿಂದ ಒಂದು ಸಲ ಒರೆಸಿದ. ಕೀಲಿ ಕೊಟ್ಟ. ನಕ್ಕನೋ ಇಲ್ಲವೋ, ಮೈಕೆನ್‌ಗೆ ಗೊತ್ತಾಗಲಿಲ್ಲ. ಆದರೆ ಅವನು ಒಳಗೆ ಬಗ್ಗಿದ್ದು ದಿಂಬು ತೆಗೆಯಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಎಂದು ಅವಳಿಗೆ ಅನಿಸಿತು. ಆ ಅನಿಸಿಕೆಯನ್ನು ಅವಳು ಚಳಿಗಾಲವಿಡೀ ಜೋಪಾನ ಮಾಡಿದಳು.

ಗೆದ್ದ ಕಾರನ್ನು ಚಳಿಗಾಲದಲ್ಲಿ ಬಣ್ಣ ಬಳಿದು ತನ್ನದು ಮಾಡಿಕೊಳ್ಳುವುದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸ. ಹೊರಗೆ ತನ್ನ ಬಣ್ಣ, ಒಳಗೆ ಬಿಳಿ. ಬಿಳಿಯ ಮೇಲೆ ಎಣ್ಣೆ ಸೋರಿದರೂ ಬಿರುಕು ಬಿಟ್ಟರೂ ಕಣ್ಣಿಗೆ ಬೀಳುತ್ತದೆ. ಮೈಕೆನ್ ನೀಲಿಯನ್ನು ಹಳದಿ ಮಾಡಿದಳು. ಒಳಗಿನ ಸೀಟು, ಮೀಟರು, ಪೆಟ್ಟಿಗೆ, ವೈರು ಎಲ್ಲ ಬಿಚ್ಚಿ ಕ್ರಮವಾಗಿ ಹಲಗೆಯ ಮೇಲೆ ಜೋಡಿಸಿಟ್ಟಳು. ತಗಡನ್ನು ಉಜ್ಜಿ, ತೊಳೆದು, ರೋಲರಿನಲ್ಲಿ ಎರಡು ಕೋಟು ಬಿಳಿ ಬಳಿದಳು. ಮೂಲೆಮೂಲೆಗೂ ಬ್ರಷ್ ಹಾಕಿದಳು. ಒಣಗಿದ ಮೇಲೆ ಎಲ್ಲವನ್ನೂ ಅದೇ ಕ್ರಮದಲ್ಲಿ ತಿರುಗಿ ಜೋಡಿಸಿದಳು. ಅಡುಗೆಮನೆಯ ಕಪಾಟೂ ಅಷ್ಟು ನುಣುಪಾಗಿರಲಿಲ್ಲ. ನನ್ನನ್ನು ಕೆಳಗೆ ಕರೆದು ತೋರಿಸಿದ್ದಳು.

ಏಪ್ರಿಲಿನಲ್ಲಿ ರಸ್ತೆಯ ಹಿಮ ಕರಗಿ ಕೆಸರಾದಾಗ ಎಂಜಿನ್ನು ಶುರುಮಾಡಿದಳು. ಸದ್ದು ಚೆನ್ನಾಗಿತ್ತು. ಮುಳ್ಳು ಮಾತ್ರ ನೇರ ಬಲಕ್ಕೆ ಹೋಗಿ ಕೂತಿತು.

ಆ ವಾರವೇ ಅವಳ ಗೆಳತಿ ಸಿವ್ ಏಲಕ್ಕಿ ಬನ್ನು ಹಿಡಿದುಕೊಂಡು ಬಂದಳು. ಸಿವ್ ರೇಸಿನ ದಿನ ವಾಫಲ್ ಸುಡುವವಳು. ಉಳಿದ ದಿನ ಊರಿನ ಸುದ್ದಿ ಹಂಚುವವಳು. ಗ್ಯಾರೇಜಿನ ತುಂಬ ಕಪ್ಪು ಹೊಗೆ.

"ಹೊಗೆ ನೋಡಿ ಮೀನು ಸುಡ್ತಿದ್ದೀಯೇನೋ ಅಂದ್ಕೊಂಡೆ" ಎಂದಳು ಸಿವ್, ಮೂಗಿಗೆ ಕೈಗವಸು ಒತ್ತಿಕೊಂಡು.

"ಮುಳ್ಳು ನೋಡು."

"ನೋಡ್ದೆ. ಬಲಗಡೆ ಇದೆ. ಅದ್ರಲ್ಲೇನು ವಿಶೇಷ? ನಮ್ಮನೆಯವನೂ ಸೋಫಾದ ಬಲಗಡೆನೇ ಕೂರೋದು, ಏಳಿಸಿದ್ರೂ ಏಳಲ್ಲ."

"ಬಲಗಡೆ ಅಂದ್ರೆ ಪೆಟ್ರೋಲು ಸಾಲ್ತಿಲ್ಲ ಅಂತ. ಹಾಗೇ ರೇಸ್ ಓಡಿಸಿದ್ರೆ ಪಿಸ್ಟನ್ ಕರಗೋಗುತ್ತೆ. ಕಾರ್ಬುರೇಟರಿಗೆ ಪೆಟ್ರೋಲು ಬಿಡೋ ಜೆಟ್ ದೊಡ್ಡದು ಹಾಕ್ದೆ. ಆಮೇಲೆ ಇನ್ನೂ ದೊಡ್ಡದು. ಎಂಜಿನ್ನು ಕೆಮ್ಮೋಕೆ ಶುರುಮಾಡ್ತು. ಮುಳ್ಳು ಇಷ್ಟೇ ಇಷ್ಟು ಜರುಗ್ತು, ನೋಡು."

"ಹಿಲ್ಡಿಂಗ್ ಓಡಿಸುವಾಗ ಹೀಗಿತ್ತಾ?"

ಮೈಕೆನ್ ಟಾರ್ಚು ಹಚ್ಚಿ ಸಿವ್‌ಳನ್ನು ಕಾರಿನ ಕೆಳಗೆ ಬಗ್ಗಿಸಿದಳು. ಪೈಪಿನಲ್ಲಿ ಕೂತ ಸೆನ್ಸರಿನ ಬುಡದ ಮೇಲೆ ಪಾನಾ ಜಾರಿದ ಗೀರುಗಳಿದ್ದವು. ಪೈಪೆಲ್ಲ ತುಕ್ಕು, ಗೀರಿನ ಜಾಗ ಮಾತ್ರ ಹೊಳೆಯುತ್ತಿತ್ತು.

"ನಾನು ಇದನ್ನ ಮುಟ್ಟಿಲ್ಲ" ಎಂದಳು ಮೈಕೆನ್. "ಬಣ್ಣ ಬಳಿಯುವಾಗ ಪೈಪಿನ ತಂಟೆಗೇ ಹೋಗಿಲ್ಲ. ಬಾವುಟ ಬಿದ್ದ ಮೇಲೆ, ಕೀಲಿ ಕೊಡೋ ಮುಂಚೆ, ಒಳ್ಳೆ ಸೆನ್ಸರ್ ತೆಗೆದು ಸತ್ತಿರೋದನ್ನ ಹಾಕಿದ್ದಾನೆ."

"ಹಿಲ್ಡಿಂಗಾ? ಅವನು ಸೊಳ್ಳೆ ಹೊಡೆಯೋಕೂ ಎರಡು ಸಲ ಯೋಚನೆ ಮಾಡ್ತಾನೆ ಕಣೇ."

"ಮರದ ಹೊಟ್ಟು ತುಂಬಿದವನೂ ಚರ್ಚಲ್ಲಿ ಹಾಡ್ತಿದ್ದ."

ಸಿವ್ ಎದ್ದು ಮಂಡಿ ಒರೆಸಿಕೊಂಡಳು. ಅವಳ ಕಣ್ಣು ಆಗಲೇ ಮನೆಮನೆಗೆ ಹೊರಟು ನಿಂತಿತ್ತು. "ಮೀಟಿಂಗಲ್ಲಿ ಹೇಳ್ತೀಯಾ?"

"ಭಾನುವಾರ ಹೇಳ್ತೀನಿ. ಎಲ್ಲರ ಮುಂದೆ."

ಹೇಳುವುದೆಂದರೆ ಏನು ಎಂದು ಇಬ್ಬರಿಗೂ ಗೊತ್ತಿತ್ತು. ವಸಂತದ ಸಭೆಯಲ್ಲಿ ದೂರು ಬಂದು, ಸೆನ್ಸರು ಸತ್ತದ್ದೆಂದು ಸಾಬೀತಾದರೆ ಹಿಲ್ಡಿಂಗನ ಲೈಸೆನ್ಸು ಹೋಗುತ್ತದೆ. ಅವನ ವಯಸ್ಸಿಗೆ ಒಮ್ಮೆ ಹೋದ ಲೈಸೆನ್ಸು ತಿರುಗಿ ಬರುವುದಿಲ್ಲ. ಹೆಂಡತಿ ಬಿಟ್ಟುಹೋದ ಮೇಲೆ ಅವನಿಗೆ ಶನಿವಾರಗಳೆಂದರೆ ಟ್ರ್ಯಾಕು ಒಂದೇ. ಇದನ್ನು ಸಿವ್ ಬಾಗಿಲಲ್ಲಿ ನಿಂತು ಹೇಳಿಯೂ ಹೇಳಿದಳು. ಮೈಕೆನ್ ಕೇಳಿಸಿಕೊಂಡಳು. ಕೆಟ್ಟ ಹಾಲನ್ನು ರೈತನ ಮುಖ ನೋಡಿ ಲಾರಿಗೆ ತುಂಬಿಸುವುದುಂಟೇ ಎಂದು ಮನಸ್ಸಿನಲ್ಲೇ ಅಂದುಕೊಂಡಳು.

ಊರಿಗೆಲ್ಲ ಸುದ್ದಿ ಮುಟ್ಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮಾರನೆಯ ದಿನ ಅಂಗಡಿಯ ಕಾಫಿಪುಡಿ ಸಾಲಿನಲ್ಲಿ ಮೈಕೆನ್‌ಗೆ ಹಿಲ್ಡಿಂಗ್ ಎದುರಾದ. ಅಕ್ಕಪಕ್ಕದಲ್ಲಿದ್ದವರು ತಮ್ಮ ಬುಟ್ಟಿಗಳಲ್ಲಿ ಏನೋ ಹುಡುಕತೊಡಗಿದರು.

"ಬಂದ್ಯಾ" ಎಂದ ಹಿಲ್ಡಿಂಗ್.

"ಬಂದೆ. ನಿನಗೆ ನನ್ನ ಹತ್ರ ಏನಾದ್ರೂ ಹೇಳೋದಿದ್ಯಾ?"

ಅವನು ಯೋಚಿಸಿದ. ಕೈಯಲ್ಲಿದ್ದ ಪೊಟ್ಟಣವನ್ನು ತಿರುಗಿಸಿದ. "ಇದೆ. ಕೆರೆಯ ಮೇಲೆ ಮೀನು ಹಿಡಿಯೋಕೆ ಹೋಗ್ಬೇಡ. ಜೊಂಡಿನ ಹತ್ರ ಐಸು ಕಪ್ಪಾಗಿದೆ."

"ಅಷ್ಟೇನಾ?"

"ದಡದಲ್ಲಿ ಹಲಗೆ ಹಾಕಿದ್ದಾರೆ, ಅದನ್ನೂ ನಂಬಬೇಡ."

ಅವನು ಕಾರಿನ ವಿಷಯ ಎತ್ತಲಿಲ್ಲ. ಎತ್ತಬಾರದು ಎಂಬ ಮರ್ಯಾದೆ ಮೈಕೆನ್‌ಗೂ ಗೊತ್ತು. ಆದರೆ ಊರೆಲ್ಲ ತನ್ನನ್ನು ಕಳ್ಳ ಎನ್ನುತ್ತಿರುವಾಗಲೂ ಬಾಯಿಗೆ ಬೀಗ ಹಾಕಿಕೊಂಡವನದು ಮರ್ಯಾದೆಯೋ ಹೆದರಿಕೆಯೋ? ಐಸಿನ ಮಾತಿನಲ್ಲೂ ಏನೋ ಇದೆ ಎನಿಸಿತು ಅವಳಿಗೆ. ಮನೆಗೆ ಹೋಗುವಾಗ ಕೆರೆಯ ಕಡೆಯಿಂದ ಸುತ್ತಿಕೊಂಡು ಹೋಗಿ ನೋಡಿದಳು. ಜೊಂಡಿನ ಹತ್ತಿರ ಐಸು ನಿಜವಾಗಿಯೂ ಕಪ್ಪಾಗಿತ್ತು.

ಅದಾದ ಮೇಲೆ ಹಿಲ್ಡಿಂಗನ ಪಿಕಪ್ಪು ಅವಳ ಮನೆಯ ಮುಂದೆ ನಿಧಾನವಾಗಿ ಹಾದುಹೋಗುವುದನ್ನು ಕಿಟಕಿಯಿಂದ ನಾನೂ ನೋಡಿದ್ದೇನೆ. ಗ್ಯಾರೇಜಿನಿಂದ ಬರುವ ಹೊಗೆಯ ಕಡೆ ಅವನು ತಲೆ ತಿರುಗಿಸಿ ನೋಡುತ್ತಿದ್ದ. ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಒಂದು ಬಟ್ಟೆಯ ಚೀಲವಿತ್ತು. ಮೈಕೆನ್ ಅದನ್ನು ಕೋಲಿನಿಂದ ಮಗುಚಿದಳು. ಒಳಗೆ ನಾಲ್ಕು ಹಳೆಯ ಸ್ಪಾರ್ಕ್ ಪ್ಲಗ್ಗು. ಚೀಟಿ ಇಲ್ಲ, ಹೆಸರಿಲ್ಲ. ಕೆಸರಿನಲ್ಲಿ ಪಿಕಪ್ಪಿನ ಚಕ್ರದ ಗುರುತು ಮಾತ್ರ.

"ಇದೇನು ಅರ್ಥ?" ಎಂದು ಅವಳು ಫೋನಿನಲ್ಲಿ ಸಿವ್‌ಳನ್ನು ಕೇಳಿದಳು.

"ಉಡುಗೊರೆ ಇರ್ಬೇಕು. ಗಂಡಸರು ವಯಸ್ಸಾದ ಮೇಲೆ ಹೂವಿನ ಬದಲು ಏನೇನೋ ತರ್ತಾರೆ."

"ಕಸ ತಂದು ಬಾಗಿಲಿಗೆ ಸುರಿದಿದ್ದಾನೆ. ಆ ಸೆನ್ಸರ್ ನಿನಗೆ ಕೊಟ್ಟೆ, ತಗೋ ಇದನ್ನೂ ಇಟ್ಕೋ ಅಂತ ಹಂಗಿಸ್ತಿದ್ದಾನೆ."

ಚೀಲವನ್ನು ಅವಳು ಬಿಸಾಡಲಿಲ್ಲ. ಭಾನುವಾರ ಸಭೆಯಲ್ಲಿ ಅದನ್ನೂ ತೋರಿಸಬಹುದೆಂದು ಕಪಾಟಿನಲ್ಲಿಟ್ಟಳು.

ಭಾನುವಾರ ಬೆಳಿಗ್ಗೆ ಕಾಫಿ ಕುಡಿದು, ಸತ್ತ ಸೆನ್ಸರನ್ನು ಬಿಚ್ಚಿ ಸಭೆಗೆ ಒಯ್ಯಲು ಗ್ಯಾರೇಜಿಗೆ ಇಳಿದಳು. ಆದರೆ ಸಾಬೀತು ಮಾಡುವವಳು ಮೊದಲು ತಾನೇ ನೋಡಿರಬೇಕಲ್ಲ. ಯಾರಾದರೂ ಎದ್ದು "ಸತ್ತಿದೆ ಅಂತ ಹೇಗೆ ಗೊತ್ತು?" ಎಂದು ಕೇಳಿದರೆ? ಮೂಸದೆ ಹೇಳಿದಂತಾಗಬಾರದು.

ಸೆನ್ಸರನ್ನು ಪೈಪಿನಿಂದ ಬಿಚ್ಚಿ, ವೈರು ಕೀಳದೆ, ಬಾಗಿಲ ಹೊರಗೆ ತೆರೆದ ಗಾಳಿಯಲ್ಲಿ ನೇತುಹಾಕಿದಳು. ಎಂಜಿನ್ನು ಶುರುಮಾಡದೆ ಕೀಲಿ ಮಾತ್ರ ತಿರುಗಿಸಿದಳು. ಸೆನ್ಸರು ಕಾದು ಬಿಸಿಯಾಯಿತು. ಮುಳ್ಳು ಬಲತುದಿಗೆ ಹೋಯಿತು. ಬರೀ ಗಾಳಿಯಲ್ಲಿ ಅದು ಹಾಗೇ ಹೋಗಬೇಕು. ಆಮೇಲೆ ಒಂದು ಸಿಗರೇಟ್ ಲೈಟರು ತಂದು, ಕಿಡಿ ಹಚ್ಚದೆ, ಅದರ ಗ್ಯಾಸನ್ನು ಮಾತ್ರ ಸೆನ್ಸರಿನ ಮೂತಿಗೆ ಬಿಟ್ಟಳು. ಮುಳ್ಳು ತಟ್ಟನೆ ಎಡಕ್ಕೆ ಹಾರಿತು. ಗ್ಯಾಸು ನಿಲ್ಲಿಸಿದಳು, ಬಲಕ್ಕೆ ಮರಳಿತು. ಮತ್ತೆ ಬಿಟ್ಟಳು, ಮತ್ತೆ ಹಾರಿತು.

ಸತ್ತಿರಬೇಕಾದದ್ದು ಬದುಕಿತ್ತು. ಮೈಕೆನ್‌ಗೆ ಸಂತೋಷವಾಗಲಿಲ್ಲ. ಯಾರೋ ತನ್ನ ಕೈಯಿಂದ ಏನೋ ಕಿತ್ತುಕೊಂಡಂತಾಯಿತು.

ಹಾಗಾದರೆ ಪೈಪು. ಸೆನ್ಸರಿಗಿಂತ ಮುಂಚೆ ಪೈಪಿನಲ್ಲಿ ಸಣ್ಣ ಬಿರುಕಿದ್ದರೂ ಹೊರಗಿನ ಗಾಳಿ ಒಳಗೆ ಸೇರಿ ಮುಳ್ಳನ್ನು ಬಲಕ್ಕೆ ಎಳೆಯುತ್ತದೆ. ಹಿಲ್ಡಿಂಗ್ ಗರಗಸದಲ್ಲಿ ಒಂದು ಗೀಟು ಎಳೆದಿದ್ದರೂ ಸಾಕು. ಸೆನ್ಸರನ್ನು ಮತ್ತೆ ಕೂರಿಸಿ, ಮನೆಯ ವ್ಯಾಕ್ಯೂಮ್ ಕ್ಲೀನರಿನ ಗಾಳಿ ಬಿಡುವ ಬಾಯಿಯನ್ನು ಸೈಲೆನ್ಸರಿನ ಹಿಂತುದಿಗೆ ಬಟ್ಟೆ ಸುತ್ತಿ ಸೇರಿಸಿದಳು. ಪೈಪಿನುದ್ದಕ್ಕೂ, ಪ್ರತಿ ಜೋಡಣೆಗೂ ಬ್ರಷ್ಷಿನಲ್ಲಿ ಸೋಪಿನ ನೀರು ಹಚ್ಚಿದಳು. ಗುಳ್ಳೆ ಬರಲೆಂದು ಮಂಡಿಯೂರಿ ಕಾದಳು. ಒಂದು ಗುಳ್ಳೆಯೂ ಏಳಲಿಲ್ಲ.

ಕಟ್ಟೆಯ ಮೇಲೆ ಕೂತು ಏಲಕ್ಕಿ ಬನ್ನಿನ ಕೊನೆಯ ಚೂರು ತಿಂದಳು. ಎಂಜಿನ್ನು ಕಪ್ಪು ಹೊಗೆ ಬಿಡುತ್ತಿದೆ. ಕಪ್ಪು ಹೊಗೆಯೆಂದರೆ ಪೆಟ್ರೋಲು ಜಾಸ್ತಿ. ಮುಳ್ಳು ಪೆಟ್ರೋಲು ಸಾಲದು ಎನ್ನುತ್ತಿದೆ. ಇಷ್ಟು ದಿನ ಅವಳು ಮುಳ್ಳನ್ನೇ ನಂಬಿದ್ದಳು. ಎಲ್ಲರನ್ನೂ ಅನುಮಾನಿಸುವವಳು ಅದೊಂದನ್ನು ಅನುಮಾನಿಸಿರಲಿಲ್ಲ, ಏಕೆಂದರೆ ಅದು ಅವಳ ಅನುಮಾನದ ಪರವಾಗಿ ಮಾತನಾಡುತ್ತಿತ್ತು. ಇದು ನನ್ನ ಮಾತಲ್ಲ, ಅವಳದೇ.

ಪ್ಲಗ್ಗುಗಳನ್ನು ಬಿಚ್ಚಿ ನೋಡಿದಳು. ನಾಲ್ಕೂ ಮಸಿ, ಒಲೆಯ ಚಿಮಣಿಯಿಂದ ತೆಗೆದಂತೆ. ಹೊಟ್ಟೆ ಬಿರಿಯುವಷ್ಟು ಪೆಟ್ರೋಲು ಕುಡಿದ ಎಂಜಿನ್ನಿನ ಪ್ಲಗ್ಗು. ಆಗ ಕಪಾಟಿನ ಚೀಲ ನೆನಪಾಯಿತು. ಹಿಲ್ಡಿಂಗನ ನಾಲ್ಕು ಪ್ಲಗ್ಗುಗಳನ್ನು ತೆಗೆದು ತನ್ನ ನಾಲ್ಕರ ಪಕ್ಕ ಜೋಡಿಸಿದಳು. ಅವು ಹಾಲು ಬೆರೆಸಿದ ಕಾಫಿಯ ಬಣ್ಣ, ಒಂದೇ ಸಮ. ಪ್ರತಿಯೊಂದರ ಮೈಮೇಲೂ ಉಗುರಿನಷ್ಟು ಸಣ್ಣದಾಗಿ ಗೀರಿದ ಗುರುತು: ಒಂದಕ್ಕೆ ಒಂದು ಗೀಟು, ಇನ್ನೊಂದಕ್ಕೆ ಎರಡು, ಹಾಗೇ ನಾಲ್ಕರ ತನಕ. ಯಾವ ಪ್ಲಗ್ಗು ಯಾವ ಸಿಲಿಂಡರಿನದು ಎಂದು ಗೊತ್ತಾಗುವಂತೆ.

ಇದೇ ಎಂಜಿನ್ನಿನ ಪ್ಲಗ್ಗುಗಳು. ಕಳೆದ ವರ್ಷ, ಕೊನೆಯ ರೇಸಿಗೂ ಮುಂಚೆ ಬದಲಿಸಿ ಎತ್ತಿಟ್ಟವು. ಸರಿಯಾಗಿದ್ದಾಗ ಹೇಗಿರುತ್ತಿತ್ತು ನೋಡಿಕೋ ಎಂದು ಬಾಯಲ್ಲಿ ಹೇಳಲಾಗದವನು ಮೆಟ್ಟಿಲ ಮೇಲೆ ಇಟ್ಟುಹೋಗಿದ್ದ. ಅಥವಾ ಬರೀ ಕಸ ಎಸೆದಿದ್ದ. ಎರಡನೆಯದನ್ನು ಮೈಕೆನ್ ಇನ್ನೂ ಪೂರ್ತಿ ಕೈಬಿಟ್ಟಿರಲಿಲ್ಲ.

ಎಂಟು ಪ್ಲಗ್ಗುಗಳೂ ಒಂದೇ ಮಾತು ಹೇಳುತ್ತಿದ್ದವು. ಸುಳ್ಳು ಹೇಳುತ್ತಿರುವುದು ಮುಳ್ಳು. ಆದರೆ ಸೆನ್ಸರು ಒಳ್ಳೆಯದು, ಪೈಪು ಗಟ್ಟಿ. ಮುಳ್ಳಿಗೆ ಸುಳ್ಳು ಕಲಿಸುತ್ತಿರುವವರು ಯಾರು? ಪ್ಲಗ್ಗು ಒರೆಸಿ ಹಾಕಿ ಎಂಜಿನ್ನು ಶುರುಮಾಡಿದಳು. ಮುಳ್ಳು ಎಂದಿನಂತೆ ಬಲಕ್ಕೆ. ಹೊಗೆ ಹೊರಗೆ ಹೋಗಲೆಂದು ಗಾಜಿಗೆ ಗಾಳಿ ಊದುವ ಫ್ಯಾನು ಹಾಕಿದಳು. ಮುಳ್ಳು ಇನ್ನಷ್ಟು ಬಲಕ್ಕೆ ಜರುಗಿತು. ಫ್ಯಾನು ನಿಲ್ಲಿಸಿದಳು, ಹಿಂದೆ ಬಂತು. ವೈಪರು ಹಾಕಿದಳು, ಮತ್ತೆ ಜರುಗಿತು.

ಗಾಜು ಒರೆಸುವುದಕ್ಕೂ ಎಂಜಿನ್ನಿನ ಪೆಟ್ರೋಲಿಗೂ ಯಾವ ನಂಟು? ಯಾವ ನಂಟೂ ಇಲ್ಲ. ನಂಟಿರುವುದು ಕರೆಂಟಿಗೆ. ಫ್ಯಾನು, ವೈಪರು, ಸೀಟಿನ ಕೆಳಗಿನ ಆ ಪೆಟ್ಟಿಗೆ, ಮೂರರ ಅರ್ಥ್ ವೈರೂ, ಎಂದರೆ ಕರೆಂಟು ಹಿಂದಿರುಗುವ ವೈರೂ, ಹೋಗಿ ಸೇರುವುದು ನೆಲದ ತಗಡಿನ ಒಂದೇ ಬೋಲ್ಟಿಗೆ. ಆ ದಾರಿ ಕಟ್ಟಿಕೊಂಡರೆ ಪೆಟ್ಟಿಗೆಯ ಲೆಕ್ಕ ಏರುಪೇರಾಗಿ ಮೀಟರಿಗೆ ಇಲ್ಲದ ಗಾಳಿಯ ಸುದ್ದಿ ಹೋಗುತ್ತದೆ.

ಎಂಜಿನ್ನು ನಿಲ್ಲಿಸಿ, ಸೀಟು ಎತ್ತಿ, ಆ ಕಪ್ಪು ವೈರುಗಳನ್ನು ಬೆರಳಿನಲ್ಲಿ ಹಿಡಿದು ಹಿಂಬಾಲಿಸಿದಳು. ಕತ್ತರಿಸಿದ ಗುರುತು ಸಿಗುತ್ತದೆಂದು ಆಗಲೂ ಅವಳಿಗೆ ಆಸೆಯಿತ್ತು. ಸಿಗಲಿಲ್ಲ. ಬೋಲ್ಟು ಬಿಗಿಯಾಗಿತ್ತು. ಬಿಚ್ಚಿದಳು. ವೈರಿನ ತುದಿಯ ಬಳೆ ಕೂತಿದ್ದ ಜಾಗದಲ್ಲಿ ತಗಡು ಕಾಣಲಿಲ್ಲ. ದಪ್ಪಗೆ, ನುಣುಪಾಗಿ, ಒಂದು ಗೀರೂ ಇಲ್ಲದೆ, ಬಿಳಿ ಬಣ್ಣ. ಬ್ರಷ್ ಹಾಕಿ ಮೂಲೆಮೂಲೆಗೂ ಬಳಿದದ್ದು. ಎರಡು ಕೋಟು. ಬೋಲ್ಟಿನ ಹಲ್ಲುಗಳಲ್ಲಿ ಅಲ್ಲಲ್ಲಿ ಉಳಿದ ಚೂರುಪಾರು ಲೋಹದಲ್ಲಿ, ಬಣ್ಣ ತಡೆದಿದ್ದ ಕರೆಂಟು ಹೇಗೋ ನುಸುಳಿಕೊಂಡು ಹೋಗುತ್ತಿತ್ತು.

ನಾನು ಮೇಲಿನಿಂದ ಕೇಳಿದ್ದು ಒಂದೇ ಮಾತು. "ಓಹೋ, ನೀನಾ" ಎಂದಳು ಮೈಕೆನ್. ಯಾರಿಗೆ ಹೇಳಿದಳೆಂದು ಆಗ ತಿಳಿಯಲಿಲ್ಲ. ಅವಳ ಹತ್ತಿರ ಯಾರೂ ಇರಲಿಲ್ಲ.

ಉಪ್ಪುಕಾಗದದಿಂದ ಬಣ್ಣ ಕೆರೆದು, ತಗಡು ಬೆಳ್ಳಿಯಂತೆ ಹೊಳೆಯುವ ತನಕ ಉಜ್ಜಿ, ಬೋಲ್ಟು ಬಿಗಿದಳು. ಎಂಜಿನ್ನು ಶುರುಮಾಡಿದಾಗ ಮುಳ್ಳು ಎಡತುದಿಗೆ ಬಿತ್ತು. ಸರಿಯೇ. ಅಷ್ಟು ದೊಡ್ಡ ಜೆಟ್ ಹಾಕಿದವಳು ಅವಳೇ ಅಲ್ಲವೇ. ಹಿಲ್ಡಿಂಗನ ಹಳೆಯ ಜೆಟ್ಟನ್ನು ಡಬ್ಬಿಯಿಂದ ಹುಡುಕಿ ಹಾಕಿದಳು. ಮುಳ್ಳು ಹಸಿರು ಪಟ್ಟಿಯಲ್ಲಿ ನಿಂತಿತು. ಫ್ಯಾನು ಹಾಕಿದಳು, ವೈಪರು ಹಾಕಿದಳು, ದೀಪ ಹಾಕಿದಳು. ಅಲ್ಲಾಡಲಿಲ್ಲ.

ಕ್ಲಬ್ಬಿನ ಮನೆಯಲ್ಲಿ ಆ ಮಧ್ಯಾಹ್ನ ಎಂದಿಗಿಂತ ಹೆಚ್ಚು ಜನ ಸೇರಿದ್ದರು. ಹಿಲ್ಡಿಂಗ್ ಒಲೆಯ ಹತ್ತಿರದ ಬೆಂಚಿನಲ್ಲಿ ಟೋಪಿ ಮಂಡಿಯ ಮೇಲಿಟ್ಟುಕೊಂಡು ಕೂತಿದ್ದ. ಅವನ ಅಕ್ಕಪಕ್ಕ ಯಾರೂ ಕೂತಿರಲಿಲ್ಲ. ರುನೆ ಟ್ರ್ಯಾಕಿನ ಮಣ್ಣು, ಹೊಸ ಬೇಲಿ, ವಾಫಲ್ ಒಲೆಯ ಗ್ಯಾಸು ಎಲ್ಲ ಮುಗಿಸಿ, "ಬೇರೆ ವಿಷಯ ಯಾರದ್ದಾದ್ರೂ ಇದ್ರೆ" ಎಂದು ಯಾರನ್ನೂ ನೋಡದೆ ಹೇಳಿದ.

ಮೈಕೆನ್ ಎದ್ದಳು. ಬರುವ ದಾರಿಯುದ್ದಕ್ಕೂ ಏನೂ ಹೇಳದೆ ಕೂತುಬಿಡಬಹುದೇ ಎಂದು ಯೋಚಿಸಿದ್ದಳಂತೆ. ಕೂತುಬಿಟ್ಟರೆ ಕಾರು ಓಡುತ್ತದೆ, ಹಿಲ್ಡಿಂಗನ ಲೈಸೆನ್ಸೂ ಉಳಿಯುತ್ತದೆ. ಆದರೆ ಆ ಬೆಂಚಿನ ಎರಡೂ ಕಡೆಯ ಖಾಲಿ ಜಾಗ ಹಾಗೇ ಉಳಿಯುತ್ತದೆ.

"ಒಳಗೆ ಬಣ್ಣ ಬಳಿಯುವಾಗ ಅರ್ಥ್ ಬೋಲ್ಟಿನ ಕೆಳಗೆ ಬಳೀಬೇಡಿ" ಎಂದಳು. "ನಾನು ಬಳಿದೆ. ಮೀಟರು ಸುಳ್ಳು ತೋರಿಸ್ತು. ಸೆನ್ಸರು ಸರಿ ಇದೆ. ಹಿಲ್ಡಿಂಗ್ ಏನೂ ಮಾಡಿಲ್ಲ. ಅವನ ಬಗ್ಗೆ ನಾನು ಹೇಳಿದ್ದನ್ನ ಹಿಂದಕ್ಕೆ ತಗೋತಿದ್ದೀನಿ. ಸಿವ್, ನೀನೂ ಯಾರ್ಯಾರಿಗೆ ಹೇಳಿದ್ಯೋ ಅವರ ಹತ್ರ ಹೋಗಿ ಹಿಂದಕ್ಕೆ ತಗೋ."

"ಅಷ್ಟೂ ಜನರ ಹತ್ರ ಹೋಗ್ಬೇಕಂದ್ರೆ ನಂಗೆ ಬೇಸಿಗೆ ರಜೆ ಬೇಕು" ಎಂದಳು ಸಿವ್. ಕೆಲವರು ನಕ್ಕರು. ಹಿಲ್ಡಿಂಗ್ ನಗಲಿಲ್ಲ, ಟೋಪಿಯನ್ನು ಇನ್ನೊಂದು ಮಂಡಿಗೆ ಬದಲಿಸಿದ. ಮೈಕೆನ್ ಹೋಗಿ ಅವನ ಪಕ್ಕದ ಖಾಲಿ ಜಾಗದಲ್ಲಿ ಕೂತಳು.

"ಪ್ಲಗ್ ಯಾಕೆ ಇಟ್ಟೆ?" ಎಂದಳು ಮೆಲ್ಲಗೆ.

"ಯಾವ ಪ್ಲಗ್?"

"ಮೆಟ್ಟಿಲ ಮೇಲೆ. ಚೀಲದಲ್ಲಿ."

"ನನಗೇನು ಗೊತ್ತು. ನಾಯಿ ತಂದಿರ್ಬೇಕು."

"ಸೆನ್ಸರಿನ ಬುಡದಲ್ಲಿ ಹೊಸ ಗೀರು ಇದ್ಯಲ್ಲ, ಅದನ್ನೂ ನಾಯಿನೇ ಮಾಡ್ತಾ?"

"ಮೊದಲ ರೇಸ್ ಮುಗೀಲಿ" ಎಂದ ಹಿಲ್ಡಿಂಗ್, ಒಲೆಯನ್ನೇ ನೋಡುತ್ತಾ.

ಮೇ ತಿಂಗಳ ಮೊದಲ ರೇಸಿನಲ್ಲಿ ಮೈಕೆನ್ ಮೂರನೆಯವಳಾಗಿ ಬಂದಳು. ಕಾರು ಕೆಮ್ಮಲಿಲ್ಲ. ಅವಳು ಹೆಲ್ಮೆಟ್ ತೆ​ಗೆಯುವ ಮುಂಚೆಯೇ ಹಿಲ್ಡಿಂಗ್ ಫ್ಲಾಸ್ಕು ಹಿಡಿದುಕೊಂಡು ಬಂದು ನಿಂತಿದ್ದ. ಇಡೀ ಚಳಿಗಾಲ ನುಂಗಿಕೊಂಡಿದ್ದ ಮಾತುಗಳು ಒಟ್ಟಿಗೇ ಹೊರಬಂದವು.

"ಕೊನೆಯ ರೇಸಿನ ಹಿಂದಿನ ದಿನ ಹಾಕಿದ್ದು ಆ ಸೆನ್ಸರು. ಹೊಸದು. ಹಳೇದು ಸತ್ತಿತ್ತು. ಕಾರನ್ನ ಯಾರಾದ್ರೂ ಕೇಳ್ತಾರೆ ಅಂತ ಗೊತ್ತಿತ್ತು. ಸತ್ತಿರೋದನ್ನ ಇಟ್ಟು ಕೊಡೋದಾ? ಪಾನಾ ಜಾರ್ತು, ಗೀರು ಬಿತ್ತು. ಮತ್ತೆ ಆ ಹೊಗೆ, ಮೈಕೆನ್, ಆ ಹೊಗೆ ನೋಡಿ ನನಗೆ ಊಟ ಸೇರ್ತಿರ್ಲಿಲ್ಲ."

"ಹೊಸದೇ ಅಂತ ಹೇಗೆ ನಂಬೋದು?" ಎಂದಳು ಮೈಕೆನ್, ಕಾಫಿಯನ್ನು ಮೂಸಿ ನೋಡಿ.

"ನಂಬಬೇಡ. ಕುಡಿ."

ಅವಳು ಕುಡಿದಳು. ಆ ಸಂಜೆ ಕೆಟಲಿನಲ್ಲಿ ಅವಳ ಕಾರಿಗೆ ಯಾರ ಚೀಟಿಯೂ ಬಿದ್ದಿರಲಿಲ್ಲ, ಹಿಲ್ಡಿಂಗನದೂ ಇರಲಿಲ್ಲ. ತನ್ನ ಕಾರನ್ನು ಹಿಂದಕ್ಕೆ ಪಡೆಯಲು ಅವನಿಗೆ ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ಯಾಕೆ ಕೇಳಲಿಲ್ಲ? ಕಾರಿನಲ್ಲಿ ತನಗೆ ಗೊತ್ತಿಲ್ಲದ್ದು, ಅವನಿಗೆ ಗೊತ್ತಿರುವುದು ಇನ್ನೇನೋ ಇದೆ ಎಂದು ಮೈಕೆನ್ ಈಗ ಗೇರ್‌ಬಾಕ್ಸು ಬಿಚ್ಚಿ ಕೂತಿದ್ದಾಳೆ. ಶನಿವಾರ ಬೆಳಿಗ್ಗೆ ಹಿಲ್ಡಿಂಗ್ ಬಂದು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ನೋಡುತ್ತಾನೆ. ಹೊಟ್ಟು ಸಿಕ್ಕಿತಾ ಎಂದು ಆಗಾಗ ಕೇಳುತ್ತಾನೆ. ಇನ್ನೂ ಇಲ್ಲ ಎನ್ನುತ್ತಾಳೆ ಅವಳು.

ಇಷ್ಟೇ ನನಗೆ ಗೊತ್ತಿರುವುದು. ನಾಳೆ ಕೆಳಗೆ ಹೋಗಿ ಇದನ್ನು ಮೈಕೆನ್‌ಗೆ ಓದಿ ಹೇಳುತ್ತೇನೆ. ಅವಳು ತಪ್ಪು ಎಂದ ಕಡೆ ತಿದ್ದಿ, ಇನ್ನೊಂದು ಸಲ ಶುದ್ಧವಾಗಿ ಬರೆದು, ರುನೆಯ ಮನೆಗೆ ನಡೆದುಕೊಂಡು ಹೋಗಿ ಕೊಟ್ಟು ಬರುತ್ತೇನೆ.